ಸ್ಟಿಕ್ಕರಿನ ಅಂಚಿನಲ್ಲಿ ಕಾರಿನ ಬಣ್ಣ

ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಯ ಮಾರುಕಟ್ಟೆಯ ಹೊರಗೆ ಹತ್ತು ನಿಮಿಷ ನಿಂತು ನೋಡಿ. ಮೈಮೇಲೆ ಏನೂ ಬರೆಹವಿಲ್ಲದ ವಾಹನ ಕಣ್ಣಿಗೆ ಬೀಳುವುದು ಅಪರೂಪ. ಒಂದರ ಹಿಂಬದಿಯಲ್ಲಿ ‘ದೇವರಗುಡ್ಡದ ಮಾಲತೇಶ ಪ್ರಸನ್ನ’, ಇನ್ನೊಂದರ ಬಾಗಿಲ ಮೇಲೆ ಮಕ್ಕಳ ಹೆಸರು, ಮತ್ತೊಂದರ ಬಾನೆಟ್ಟಿನ ಮೇಲೆ ಪುನೀತ್ ರಾಜ್‌ಕುಮಾರ್ ಅವರ ನಗುಮುಖ. ಹಾವೇರಿ, ರಾಣೆಬೆನ್ನೂರುಗಳ ಬಾಡಿಗೆ ಕಾರುಗಳ ಪಕ್ಕದಲ್ಲಿ ಫೋನ್ ನಂಬರು, ಶಾಲಾ ವ್ಯಾನುಗಳ ಮೇಲೆ ಶಾಲೆಯ ಹೆಸರು. ಇವನ್ನೆಲ್ಲ ಕತ್ತರಿಸಿ ಅಂಟಿಸಿಕೊಡುವ ಅಂಗಡಿಯನ್ನು ನಾವು ‘ರೇಡಿಯಂ ಕಟಿಂಗ್’ ಅಂಗಡಿ ಎನ್ನುತ್ತೇವೆ.

ಈ ಸ್ಟಿಕ್ಕರುಗಳಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ಪತ್ತೆಹಚ್ಚಿದ ಆ ವಿಕಿರಣಶೀಲ ಧಾತುವಿನ ಲವಣವನ್ನು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಗಡಿಯಾರದ ಮುಳ್ಳುಗಳಿಗೆ ಬಳಿಯುವ ಬಣ್ಣದಲ್ಲಿ ಬೆರೆಸುತ್ತಿದ್ದರು; ಮುಳ್ಳು ಕತ್ತಲಲ್ಲೂ ಬೆಳಗುತ್ತಿತ್ತು. ಅದನ್ನು ಬಳಿಯುತ್ತಿದ್ದ ಹೆಣ್ಣುಮಕ್ಕಳು ಮೂಳೆಯ ಕಾಯಿಲೆಗೆ ತುತ್ತಾದ ಮೇಲೆ ಆ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಮುಂದೆ ರಾತ್ರಿ ಹೊಳೆಯುವ ಹಾಳೆಗಳು ಬಂದಾಗ ಹಳೆಯ ಹೆಸರು ಅವಕ್ಕೆ ಅಂಟಿಕೊಂಡಿತು. ಹೊಳೆಯದ ಸಾದಾ ಪ್ಲಾಸ್ಟಿಕ್ ಅಕ್ಷರಗಳಿಗೂ ಈಗ ಅದೇ ಹೆಸರು. ತರಗತಿಯಲ್ಲಿ ವಿಕಿರಣಶೀಲತೆಯ ಪಾಠ ಮಾಡುವಾಗ ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ನಮ್ಮ ವಿಷಯ ಬೇರೆ. ನನಗೆ ಪರಿಚಯವಿರುವ ಬಾಡಿಗೆ ಕಾರಿನ ಚಾಲಕರೊಬ್ಬರು ದಸರಾ ಹತ್ತಿರ ಬಂದಾಗ ಕಾರಿಗೆ ‘ರಬ್ಬಿಂಗ್ ಪಾಲಿಶ್’ ಮಾಡಿಸಿದರು. ಬಾಗಿಲ ನಡುಭಾಗ ಕನ್ನಡಿಯಂತಾಯಿತು. ಆದರೆ ಅಕ್ಷರಗಳ ಸುತ್ತ ಸುಣ್ಣದ ಗೆರೆ ಎಳೆದಂತೆ ಬಿಳಿಯ ಪುಡಿ ನಿಂತಿತು, ಎರಡು ಅಕ್ಷರಗಳ ತುದಿ ಎದ್ದವು, ಒಂದು ಕಡೆ ಯಂತ್ರದ ಸ್ಪಂಜು ಅಂಚಿಗೆ ಒತ್ತಿ ಬಣ್ಣವೇ ಮಂಕಾಯಿತು. ಮರುವರ್ಷ ಕಾರು ಮಾರಲು ಹೋದಾಗ ಕೊಳ್ಳುವವರು ಮೊದಲು ಬೆರಳಿಟ್ಟದ್ದು ಅಲ್ಲಿಗೇ. ಕಾರಿನ ಉಳಿದ ಮೈಗೆಲ್ಲ ಒಳ್ಳೆಯದಾದ ಕೆಲಸ ಸ್ಟಿಕ್ಕರಿನ ಅಂಚಿನಲ್ಲಿ ಮಾತ್ರ ಕೆಟ್ಟದ್ದೇಕೆ?

ಕಾರಣ ತಿಳಿಯಲು ಅಳತೆಗಳಿಂದ ಆರಂಭಿಸೋಣ.

ಬಣ್ಣ ಎಷ್ಟು ದಪ್ಪ?

ಕಾರ್ಖಾನೆಯಿಂದ ಬರುವ ಕಾರಿನ ಉಕ್ಕಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಲೇಪಿಸುವ ತುಕ್ಕುನಿರೋಧಕ ಪದರ ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್ ಸುಮಾರು 30 ಮೈಕ್ರಾನ್. ನಮ್ಮ ಕಣ್ಣಿಗೆ ಕೆಂಪು, ನೀಲಿ ಎಂದು ಕಾಣುವ ಬಣ್ಣದ ಪದರ ಬರೀ 15–20 ಮೈಕ್ರಾನ್. ಎಲ್ಲಕ್ಕೂ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪಾಲಿಮರ್ ಪದರ, 40–50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಎಲ್ಲ ಪದರಗಳನ್ನು ಕೂಡಿದರೂ ಎರಡು ಕೂದಲೆಳೆಯ ದಪ್ಪ ದಾಟುವುದು ಕಷ್ಟ.

ಹೊಳಪು ಕೊಡುವುದು ಈ ಕ್ಲಿಯರ್ ಕೋಟ್. ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕಗಳನ್ನೂ ಇದರಲ್ಲಿ ಸೇರಿಸಿರುತ್ತಾರೆ. ಇದು ತೆಳುವಾದಷ್ಟೂ ಕೆಳಗಿನ ಬಣ್ಣಕ್ಕೆ ಕಾವಲು ಕಡಿಮೆ. ಸವೆದರೆ ಬೆಳೆದು ಬರುವ ಚರ್ಮವೇನೂ ಅಲ್ಲ ಅದು. ಹಳೆಯ ಕಾಲದ ಕೆಲವು ಕಾರುಗಳಿಗೆ ಕ್ಲಿಯರ್ ಕೋಟ್ ಇರುವುದೇ ಇಲ್ಲ, ಬಣ್ಣವೇ ಮೇಲ್ಪದರ. ಕಂಡುಹಿಡಿಯುವುದು ಸುಲಭ: ಮರೆಯಾದ ಜಾಗದಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲವೆಂದೋ, ಇದ್ದದ್ದು ಸವೆದುಹೋಗಿದೆಯೆಂದೋ ತಿಳಿಯಬೇಕು.

ಇನ್ನು ಸ್ಟಿಕ್ಕರ್. ಇದು ಪಿವಿಸಿ, ಅಂದರೆ ಕೊಳವೆಬಾವಿಯಿಂದ ಹೊಲಕ್ಕೆ ಎಳೆಯುವ ಪೈಪಿನ ಪಾಲಿಮರೇ. ಪಿವಿಸಿ ಸ್ವಭಾವತಃ ಗಡಸು. ಅದಕ್ಕೆ ಎಣ್ಣೆಯಂಥ ದ್ರವಗಳನ್ನು ಬೆರೆಸಿದರೆ ಬಾಗುವ ಗುಣ ಬರುತ್ತದೆಂದು 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ತೋರಿಸಿದರು. ಈ ದ್ರವಗಳಿಗೆ ಪ್ಲಾಸ್ಟಿಸೈಜರ್ ಎಂದು ಹೆಸರು. ಅಗ್ಗದ ಹಾಳೆಯನ್ನು ಬಿಸಿ ಉರುಳೆಗಳ ನಡುವೆ ಚಪಾತಿಯಂತೆ ಲಟ್ಟಿಸುತ್ತಾರೆ. ದುಬಾರಿ ಹಾಳೆಯನ್ನು ದೋಸೆಯಂತೆ ದ್ರವರೂಪದಲ್ಲಿ ಹುಯ್ದು ಒಣಗಿಸುತ್ತಾರೆ. ಲಟ್ಟಿಸಿದ ಚಪಾತಿಯನ್ನು ಮಣೆಯ ಮೇಲೆ ಬಿಟ್ಟರೆ ತುಸು ಕುಗ್ಗುವುದನ್ನು ಅಡುಗೆಮನೆಯಲ್ಲಿ ನೋಡಿರುತ್ತೀರಿ. ಲಟ್ಟಿಸಿದ ಪಿವಿಸಿಯೂ ಹಾಗೆಯೇ. ಬಿಸಿಲಿನಲ್ಲಿ, ಒಳಗೆ ಉಳಿದ ಎಳೆತ ಸಡಿಲವಾಗುತ್ತ ಹಾಳೆ ಕುಗ್ಗುತ್ತದೆ. ಕೆಳಗಿನ ಅಂಟು ಮಾತ್ರ ಇದ್ದಲ್ಲೇ ಉಳಿಯುತ್ತದೆ. ಹಳೆಯ ಸ್ಟಿಕ್ಕರುಗಳ ಸುತ್ತ ಕಾಣುವ ಕಪ್ಪು ಗೆರೆ ಎಂದರೆ ಹೀಗೆ ಹೊರಗೆ ಬಿದ್ದ ಅಂಟು, ಅದಕ್ಕೆ ಹತ್ತಿದ ದೂಳು.

ಅಂಟು ಸೇರಿದಂತೆ ಇಂಥ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ನೆನಪಿಡಿ. ಕೈ ಆಡಿಸಿದರೆ ಗೊತ್ತೇ ಆಗದ ಆ ಅಂಚು ಬಣ್ಣದ ಪಾಲಿಗೆ ತನ್ನಷ್ಟೇ ಎತ್ತರದ ಒಂದು ಗೋಡೆ. ನೀರು, ದೂಳು, ಸೋಪು, ಪಾಲಿಶ್ ಎಲ್ಲವೂ ಬಂದು ನಿಲ್ಲುವುದು ಈ ಗೋಡೆಯ ಬುಡದಲ್ಲಿ.

ದೂಳು ಮತ್ತು ನೀರು

ಹಾವೇರಿ ಜಿಲ್ಲೆಯಲ್ಲಿ ಎರೆಭೂಮಿಯೂ ಇದೆ, ಮಸಾರಿಯೂ ಇದೆ. ಯಾವ ಮಣ್ಣಿನ ದೂಳಾದರೂ ಅದರಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಮೋಸ್ ಗಡಸುತನದ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಅದು ಗಾಜನ್ನೇ ಗೀರಬಲ್ಲದು. ಪಾಲಿಮರ್ ಪದರದ ಗತಿಯೇನು? ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಕಾರು ಒರೆಸುವುದು ನಮ್ಮಲ್ಲಿ ಶಿಸ್ತಿನ ಲಕ್ಷಣ. ನಿಜದಲ್ಲಿ ಅದು ಉಪ್ಪುಕಾಗದದ ಕೆಲಸ. ಬೀದಿದೀಪದ ಕೆಳಗೆ ಕಪ್ಪು ಕಾರನ್ನು ನೋಡಿ, ಜೇಡರ ಬಲೆಯಂಥ ಸುತ್ತುಗೀರುಗಳು ಕಾಣುತ್ತವೆ. ಅಂಚಿನಲ್ಲಿ ಕಣಗಳು ಗುಂಪಾಗಿ ಸಿಕ್ಕಿಕೊಂಡಿರುವುದರಿಂದ ಅಲ್ಲಿ ಗೀರು ಇನ್ನೂ ಆಳ. ಮೊದಲು ಧಾರಾಳ ನೀರು, ಆಮೇಲೆ ಸೋಪುನೀರು, ಆಮೇಲೆ ಬಟ್ಟೆ ಎಂಬ ಕ್ರಮ ತಪ್ಪಬಾರದು.

ನೀರಿನದೂ ಒಂದು ತಕರಾರಿದೆ. ಕೊಳವೆಬಾವಿಯ ಗಡಸು ನೀರು ಬಿಸಿ ಬಾನೆಟ್ಟಿನ ಮೇಲೆ ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರ್ಬೊನೇಟುಗಳ ಬಿಳಿ ಉಂಗುರ ಉಳಿಯುತ್ತದೆ. ಅಂಚಿನ ಬುಡದಲ್ಲಿ ನೀರು ಕೊನೆಗೆ ಆರುವುದರಿಂದ ಅಲ್ಲಿ ಲವಣ ಹೆಚ್ಚು. ನೀರಿನಲ್ಲಿ ತೆಳುಮಾಡಿದ ವಿನೆಗರ್ ಹನಿಸಿದರೆ ಅಸಿಟಿಕ್ ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ, ಕೂಡಲೇ ತೊಳೆದುಬಿಡಬೇಕು. ಅದಕ್ಕಿಂತ ನೆರಳಿನಲ್ಲಿ ತೊಳೆದು ತಕ್ಷಣ ಒರೆಸಿಕೊಳ್ಳುವುದು ಲೇಸು. ಸರ್ವಿಸ್ ಸ್ಟೇಶನ್ನಿನ ಒತ್ತಡದ ನೀರಿನ ಧಾರೆಯನ್ನು ಅಂಚಿಗೆ ಓರೆಯಾಗಿ ಹಿಡಿದರೆ ಹಾಳೆಯ ಕೆಳಗೆ ನೀರು ನುಗ್ಗುತ್ತದೆ. ನೇರವಾಗಿ, ಒಂದಡಿಗಿಂತ ಹತ್ತಿರ ತಾರದೆ ಹಿಡಿಯಲು ಹೇಳಿ.

ಆಯುಧಪೂಜೆಯ ಮರುದಿನ ಬಿಳಿ ಸ್ಟಿಕ್ಕರಿನ ಮೇಲೆ ಉಳಿದ ಅರಿಶಿನವನ್ನು ಸೋಪಿನಿಂದ ಉಜ್ಜಿದವರು ಅದು ಕೆಂಪಾದದ್ದನ್ನು ಕಂಡು ಗಾಬರಿಯಾಗುವುದುಂಟು. ಅರಿಶಿನದ ಕುರ್ಕುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆಂದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಮೃದುವಾದ ಪಿವಿಸಿ ಈ ಬಣ್ಣವನ್ನು ಒಳಕ್ಕೂ ಹೀರಿಕೊಳ್ಳುವುದರಿಂದ ಉಜ್ಜಿ ಪ್ರಯೋಜನವಿಲ್ಲ. ಕೆಲವು ದಿನ ಬಿಸಿಲಿಗೆ ಬಿಡಿ, ಕುರ್ಕುಮಿನ್ ಬೆಳಕಿಗೆ ಒಡೆದು ಕಲೆ ತಾನಾಗಿ ಮಾಸುತ್ತದೆ.

ಬಿಸಿಲಿನ ಇದೇ ಗುಣ ಬ್ಯಾಡಗಿಯ ವರ್ತಕರಿಗೆ ನಷ್ಟ ತರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಅದರ ಕೆಂಪಿನಲ್ಲಿದೆ. ಆ ಕೆಂಪು ಕ್ಯಾಪ್ಸಾಂಥಿನ್ ಎಂಬ ಕೆರೊಟಿನಾಯ್ಡ್. ಒಂದು ಬಿಟ್ಟು ಒಂದರಂತೆ ಬರುವ ಜೋಡಿಬಂಧಗಳ ಉದ್ದ ಸರಪಳಿಯಿಂದಾಗಿ ಅದಕ್ಕೆ ಬಣ್ಣ. ಬೆಳಕು ಮತ್ತು ಆಕ್ಸಿಜನ್ ಆ ಸರಪಳಿಯನ್ನು ಮುರಿದರೆ ಬಣ್ಣ ಹೋಯಿತು. ಅದಕ್ಕೇ ಶೀತಲಗೃಹಗಳು. ಸ್ಟಿಕ್ಕರಿನ ಬಣ್ಣಗಳಲ್ಲೂ ಬೆಳಕಿಗೆ ಬೇಗ ಒಡೆಯುವವು, ತಡೆಯುವವು ಎಂಬ ಭೇದವಿದೆ. ಮುದ್ರಿಸಿದ ಚಿತ್ರಗಳಲ್ಲಿ ಹಳದಿ ಮತ್ತು ಕೆಂಪು ಶಾಯಿಗಳು ಮೊದಲು ಮಾಸಿ, ಗಟ್ಟಿಮುಟ್ಟಾದ ನೀಲಿ ಉಳಿಯುತ್ತದೆ. ಎರಡು ಬೇಸಿಗೆ ಕಂಡ ನಾಯಕನಟರ ಮುಖಗಳೆಲ್ಲ ನೀಲಿಯಾಗುವುದು ಹೀಗೆ. ಮಾಸಿದ ಶಾಯಿಯನ್ನು ಯಾವ ಪಾಲಿಶೂ ಮರಳಿ ತಾರದು.

ಪಾಲಿಶ್ ಬೇರೆ, ಮೇಣ ಬೇರೆ

ಅಂಗಡಿಯಲ್ಲಿ ಎರಡನ್ನೂ ಪಾಲಿಶ್ ಎಂದೇ ಮಾರುತ್ತಾರೆ, ಎಡವಟ್ಟು ಶುರುವಾಗುವುದು ಅಲ್ಲಿ. ಪಾಲಿಶ್ ಎಂದರೆ ಸವೆಸುವ ವಸ್ತು. ಅದರಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡಿನ ನಯವಾದ ಪುಡಿ ಇರುತ್ತದೆ. ಗೀರಿನ ಕಣಿವೆಯನ್ನು ಅದು ತುಂಬುವುದಿಲ್ಲ. ಅಕ್ಕಪಕ್ಕದ ದಿಬ್ಬಗಳನ್ನು ಕಣಿವೆಯ ಮಟ್ಟಕ್ಕೆ ಇಳಿಸುತ್ತದೆ. ಮೇಲ್ಮೈ ಸಮವಾದಾಗ ಬೆಳಕು ಚದರದೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ, ನಮಗೆ ಹೊಳಪು ಕಾಣುತ್ತದೆ. ಪ್ರತಿ ಸಲವೂ ಕ್ಲಿಯರ್ ಕೋಟಿನ ಸ್ವಲ್ಪ ಭಾಗ ಖರ್ಚು. ಒರಟು ಕಾಂಪೌಂಡ್ ಹಾಕಿ ಯಂತ್ರದಿಂದ ತಿಕ್ಕಿದರೆ ಒಂದೇ ಸುತ್ತಿಗೆ ಕೆಲವು ಮೈಕ್ರಾನ್ ಹೋಗಬಹುದು. ಇರುವುದೇ 40–50 ಎಂಬುದನ್ನು ಮರೆತು ಪ್ರತಿ ದಸರಾಕ್ಕೂ ರಬ್ಬಿಂಗ್ ಮಾಡಿಸುವವರಿದ್ದಾರೆ.

ಮೇಣ ಇದಕ್ಕೆ ತದ್ವಿರುದ್ಧ. ಅದು ತೆಗೆಯುವುದಿಲ್ಲ, ಹೊದಿಸುತ್ತದೆ. ಹೆಸರಾದ ಕಾರ್ನೌಬಾ ಮೇಣ ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಗಳಿಂದ ಬರುತ್ತದೆ; ಕರಗುವ ಬಿಂದು ಸುಮಾರು 82–86 ಡಿಗ್ರಿ ಸೆಲ್ಸಿಯಸ್. ಮೇಣ ಹಚ್ಚಿದ ಭಾಗದ ಮೇಲೆ ಒಂದು ಹನಿ ನೀರು, ಹಚ್ಚದ ಭಾಗದ ಮೇಲೆ ಒಂದು ಹನಿ ಬಿಟ್ಟು ಪಕ್ಕದಿಂದ ನೋಡಿ. ಮೊದಲನೆಯದು ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಲ್ಲುತ್ತದೆ, ಎರಡನೆಯದು ಹರಡಿಕೊಳ್ಳುತ್ತದೆ. ಮೇಲ್ಮೈಯೊಡನೆ ಹನಿ ಮಾಡುವ ಈ ಕೋನವನ್ನು ಸಂಪರ್ಕ ಕೋನ ಎನ್ನುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕೋನಮಾಪಕದಿಂದ ಅಳೆಯುವುದು ಪಿಯುಸಿ ವಿದ್ಯಾರ್ಥಿಗಳಿಗೆ ಒಳ್ಳೆಯ ಚಟುವಟಿಕೆ.

ಇತ್ತೀಚೆಗೆ ಸೆರಾಮಿಕ್ ಕೋಟಿಂಗ್ ಎಂಬುದು ನಮ್ಮ ಊರುಗಳಿಗೂ ಬಂದಿದೆ. ಡಬ್ಬಿಯ ಮೇಲಿನ ‘9 ಎಚ್’ ಎಂಬ ಬರೆಹವನ್ನು ಮೋಸ್ ಮಾಪಕದ 9 ಎಂದು ತಿಳಿಯಬೇಡಿ. ಅದು ಪೆನ್ಸಿಲಿನ ಗಡಸುತನದ ಅಳತೆ. ಆ ಗಡಸಿನ ಪೆನ್ಸಿಲ್ ಗೀರಲಾರದು ಎಂದಷ್ಟೇ ಅರ್ಥ. ಬೆಣಚುಕಲ್ಲು ಪೆನ್ಸಿಲ್ ಅಲ್ಲ.

ಈಗ ಅಂಚಿಗೆ ಬರೋಣ. ಪಾಲಿಶ್ ಯಂತ್ರದ ಸ್ಪಂಜು ಸಮತಟ್ಟಾದ ಜಾಗದಲ್ಲಿ ಒತ್ತಡವನ್ನು ಹರಡುತ್ತದೆ. ಅಂಚು ಸಿಕ್ಕಿದಾಗ ಎಲ್ಲ ಒತ್ತಡ ಆ ಒಂದು ಗೆರೆಯ ಮೇಲೆ. ಉಜ್ಜಿದ ಬಿಸಿಗೆ ಅಂಟು ಮೆತ್ತಗಾಗುತ್ತದೆ, ತಿರುಗುವ ಸ್ಪಂಜು ತುದಿಯನ್ನು ಎಬ್ಬಿಸುತ್ತದೆ. ಪುಡಿಯು ಗೋಡೆಯ ಬುಡದಲ್ಲಿ ಸೇರಿ ಒಣಗುತ್ತದೆ. ಚಾಲಕರ ಕಾರಿಗೆ ಆದದ್ದು ಇದೇ.

ಉಪಾಯ ಹಳೆಯದು, ಹುಟ್ಟಿದ್ದೂ ಕಾರಿನ ಬಣ್ಣದ ಅಂಗಡಿಯಲ್ಲೇ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಶೋಕಿ ಇತ್ತು. ಒಂದು ಬಣ್ಣ ಬಳಿದು, ಅದನ್ನು ಕಾಗದದಿಂದ ಮುಚ್ಚಿ ಇನ್ನೊಂದನ್ನು ಬಳಿಯಬೇಕು. ಕಾಗದ ಕೀಳುವಾಗ ಬಣ್ಣವೂ ಕಿತ್ತುಬರುತ್ತಿತ್ತು. ಉಪ್ಪುಕಾಗದ ಪರೀಕ್ಷಿಸಲು ಹೋಗಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬ ಯುವಕ ಕೆಲಸಗಾರರ ಬೈಗುಳ ಕೇಳಿ, ಹಿಡಿಯಲೂ ಬೇಕು ಬಿಡಲೂ ಬೇಕು ಎಂಬಂಥ ಅಂಟುಪಟ್ಟಿಯನ್ನು 1925ರಲ್ಲಿ ತಯಾರಿಸಿದ. ಅದೇ ಇಂದಿನ ಮಾಸ್ಕಿಂಗ್ ಟೇಪ್. ಪಾಲಿಶ್ ಮಾಡುವ ಮುನ್ನ ಸ್ಟಿಕ್ಕರನ್ನು ಈ ಟೇಪಿನಿಂದ ಮುಚ್ಚಿ, ಅಂಚಿನ ಆಚೆಗೂ ಎರಡು ಮೂರು ಮಿಲಿಮೀಟರ್ ಬರುವಂತೆ ಅಂಟಿಸಿ. ಆ ಸಣ್ಣ ಪಟ್ಟಿ ಪಾಲಿಶ್ ಕಾಣದೆ ಉಳಿದರೆ ಉಳಿಯಲಿ. ಅದರ ಹತ್ತಿರ ಯಂತ್ರ ಬೇಡ, ಬೆರಳಿಗೆ ಸುತ್ತಿದ ಮೆತ್ತನೆಯ ಬಟ್ಟೆ ಸಾಕು. ಉಜ್ಜುವ ದಿಕ್ಕು ಸ್ಟಿಕ್ಕರಿನಿಂದ ಹೊರಕ್ಕೆ ಅಥವಾ ಅಂಚಿನ ಉದ್ದಕ್ಕೆ ಇರಲಿ. ಹೊರಗಿನಿಂದ ಅಂಚಿನೆಡೆಗೆ ಎಂದೂ ಉಜ್ಜಬೇಡಿ. ಕೆಲಸವಾದ ಕೂಡಲೇ ಟೇಪನ್ನು ನಿಧಾನವಾಗಿ ತೆಗೆಯಿರಿ. ಬಿಸಿಲಿನಲ್ಲಿ ಬಿಟ್ಟರೆ ಅದರ ಅಂಟೂ ಬಣ್ಣಕ್ಕೆ ಕೂರುತ್ತದೆ. ಈಗಾಗಲೇ ನಿಂತ ಬಿಳಿ ಗೆರೆಯನ್ನು ಸೋಪುನೀರು ಮತ್ತು ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು.

ಮೇಣವನ್ನು ಹೊಳಪಿನ ಸ್ಟಿಕ್ಕರಿನ ಮೇಲೂ ತೆಳ್ಳಗೆ ಹಚ್ಚಬಹುದು, ಅದರಲ್ಲಿ ಸವೆಸುವ ಪುಡಿಯಾಗಲಿ ಪೆಟ್ರೋಲಿಯಂ ದ್ರಾವಕವಾಗಲಿ ಇರಬಾರದು. ಮಂದ ಮೈಯ ಸ್ಟಿಕ್ಕರಿಗೆ ಮೇಣ ಬೇಡವೇ ಬೇಡ, ಮಚ್ಚೆಮಚ್ಚೆಯಾಗಿ ಹೊಳೆಯುತ್ತದೆ. ಸೀಮೆಎಣ್ಣೆ ಇಲ್ಲವೇ ಡೀಸೆಲ್ ಒರೆಸಿದರೆ ಗಾಡಿ ಮಿಂಚುತ್ತದೆಂಬ ನಂಬಿಕೆ ಲಾರಿ ನಿಲ್ದಾಣಗಳಲ್ಲಿ ಬಲವಾಗಿದೆ. ಎರಡು ಗಂಟೆ ಮಿಂಚುವುದು ನಿಜ. ಆಮೇಲೆ ಆ ಎಣ್ಣೆ ಮೇಣವನ್ನು ಕರಗಿಸಿ, ಅಂಚಿನಿಂದ ಒಳಹೊಕ್ಕು ಅಂಟನ್ನು ಮೆದುವಾಗಿಸಿ, ದಾರಿಯ ದೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ಹೊಸದಾಗಿ ಬರೆಸುವವರು ಕ್ರಮವನ್ನು ಗಮನಿಸಬೇಕು: ಮೊದಲು ಪಾಲಿಶ್, ಆಮೇಲೆ ಸ್ಟಿಕ್ಕರ್, ಕೊನೆಗೆ ಮೇಣ. ಮೇಣದ ಮೇಲೆ ನೀರೇ ನಿಲ್ಲದು, ಅಂಟು ನಿಂತೀತೆ? ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿಕೊಳ್ಳಬೇಕು. ಇನ್ನೊಂದು ಮಾತು, ಇದು ಉಳಿದೆಲ್ಲಕ್ಕಿಂತ ಮುಖ್ಯ: ಹಾಳೆಯನ್ನು ಕಾರಿನ ಮೇಲೆ ಹರಡಿಕೊಂಡು ಬ್ಲೇಡಿನಿಂದ ಕತ್ತರಿಸಲು ಬಿಡಬೇಡಿ. ಯಾರ ಕೈಯೂ ಹಾಳೆಯ 100 ಮೈಕ್ರಾನಿಗೆ ಸರಿಯಾಗಿ ಬ್ಲೇಡನ್ನು ನಿಲ್ಲಿಸಲಾರದು. ಬ್ಲೇಡು ಉಕ್ಕು ಮುಟ್ಟಿದ ಕಡೆ ತೇವ ನಿಂತು, ಸ್ಟಿಕ್ಕರಿನ ಮರೆಯಲ್ಲಿ ತುಕ್ಕು ಹಬ್ಬುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಯಂತ್ರದಲ್ಲಿ ಮೊದಲೇ ಕತ್ತರಿಸಿ ತಂದು ಅಂಟಿಸಲಿ.

ಕೀಳುವಾಗ

ಹಳೆಯ ಸ್ಟಿಕ್ಕರನ್ನು ಚರ್ರನೆ ಎಳೆದರೆ ಅಂಟು ಉಳಿಯುತ್ತದೆ, ಕೆಲವೊಮ್ಮೆ ಮರುಬಣ್ಣ ಬಳಿದ ಕಾರಿನ ಬಣ್ಣವೇ ಎದ್ದುಬರುತ್ತದೆ. ಈ ಅಂಟು ಅರ್ಧ ದ್ರವ, ಅರ್ಧ ಘನ. ಬೇಗ ಎಳೆದರೆ ಗಟ್ಟಿಯಾಗಿ ವರ್ತಿಸುತ್ತದೆ, ನಿಧಾನಕ್ಕೆ ಎಳೆದರೆ ಹರಿದು ಬಿಟ್ಟುಕೊಡುತ್ತದೆ. ಶಾಲೆಯಲ್ಲಿ ಇದನ್ನು ಮಾಡಿ ನೋಡಿ. ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಒಮ್ಮೆ ನಿಧಾನವಾಗಿ, ಒಮ್ಮೆ ವೇಗವಾಗಿ ಎಳೆದು ಅಂಕಿಗಳನ್ನು ಬರೆದುಕೊಳ್ಳಿ. ಗಾಜನ್ನು ಬಿಸಿಲಿನಲ್ಲಿಟ್ಟು ಮತ್ತೆ ಎಳೆಯಿರಿ. ಕಾರಿಗೂ ಇದೇ ಸೂತ್ರ: ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿ, ಹಾಳೆಯನ್ನು ಅದರ ಮೇಲೇ ಹಿಂದಕ್ಕೆ ಮಡಚಿದಂತೆ ಓರೆಯಾಗಿ ನಿಧಾನಕ್ಕೆ ಎಳೆಯಬೇಕು. ಉಳಿದ ಅಂಟಿಗೆ ನೀಲಗಿರಿ ಎಣ್ಣೆ ಹಚ್ಚಿ ಕೆಲವು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ಸೋಪುನೀರಿನಿಂದ ತೊಳೆಯಿರಿ.

ಕಿತ್ತ ಮೇಲೂ ಅಕ್ಷರದ ನೆರಳು ಉಳಿಯುತ್ತದೆ. ನಿಜದಲ್ಲಿ ಅದು ಕಲೆಯಲ್ಲ; ಸ್ಟಿಕ್ಕರಿನ ಕೆಳಗಿದ್ದ ಬಣ್ಣ ಕಾರು ಹೊಸದಾಗಿದ್ದಾಗಿನ ಬಣ್ಣ, ಸುತ್ತಲಿನದು ಬಿಸಿಲು ಕಂಡ ಬಣ್ಣ. ಕ್ಲಿಯರ್ ಕೋಟಿನ ಮೇಲ್ಭಾಗ ಮಂಕಾಗಿದ್ದರಷ್ಟೇ ಸುತ್ತಲಿನದನ್ನು ಪಾಲಿಶ್ ಮಾಡಿ ಅಂತರ ಕಡಿಮೆ ಮಾಡಬಹುದು. ಕೆಳಗಿನ ಬಣ್ಣವೇ ಮಾಸಿದ್ದರೆ ಎಷ್ಟು ತಿಕ್ಕಿದರೂ ನಷ್ಟವೇ. ಅಂಥ ಕಡೆ ಅದೇ ಆಕಾರದ ಹೊಸ ಸ್ಟಿಕ್ಕರ್ ಅಂಟಿಸುವುದು ಜಾಣತನ.

ಪಾಲಿಶ್ ಮುಟ್ಟಬಾರದ ಹಾಳೆ

ಈವರೆಗೆ ಹೇಳಿದ್ದು ಅಂದಚಂದದ, ಹೆಚ್ಚೆಂದರೆ ಹಣದ ಮಾತು. ವಾಹನದ ಮೇಲೆ ಜೀವಕ್ಕೆ ಸಂಬಂಧಿಸಿದ ಸ್ಟಿಕ್ಕರೂ ಒಂದಿದೆ: ಲಾರಿ, ಬಸ್ಸು, ಟ್ರೇಲರುಗಳ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪಾಗಿ ಅಂಟಿಸುವ ಪ್ರತಿಫಲಕ ಪಟ್ಟಿ. ಕನ್ನಡಿ ಬೆಳಕನ್ನು ಆಚೆ ದಿಕ್ಕಿಗೆ ಕಳಿಸುತ್ತದೆ. ಈ ಪಟ್ಟಿ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಒಳಗಿರುವ ಸಣ್ಣ ಗಾಜಿನ ಗೋಲಿಗಳು ಅಥವಾ ಪ್ಲಾಸ್ಟಿಕ್ ಪಟ್ಟಕಗಳು ಆ ಕೆಲಸ ಮಾಡುತ್ತವೆ. ಹೀಗಾಗಿ ಹಿಂದಿನಿಂದ ಬರುವ ವಾಹನದ ದೀಪದ ಬೆಳಕು ಅದೇ ವಾಹನದ ಚಾಲಕನ ಕಣ್ಣಿಗೆ ಮರಳುತ್ತದೆ. ಪಟ್ಟಿಯ ಮೇಲ್ಮೈ ನಯವಾಗಿದ್ದರೆ ಮಾತ್ರ ಇದು ಸಾಧ್ಯ. ಕಾಂಪೌಂಡಿನಿಂದ ಉಜ್ಜಿದರೆ ಗೀರುಗಳಲ್ಲಿ ಬೆಳಕು ಚದರುತ್ತದೆ. ಒಣಗಿದ ಪಾಲಿಶ್ ಪುಡಿ, ಮಣ್ಣು ಅದನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಡೆಯುತ್ತವೆ. ಹಗಲಿನಲ್ಲಿ ನೋಡಿದರೆ ಪಟ್ಟಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸೋಪುನೀರು, ಮೆತ್ತನೆಯ ಬಟ್ಟೆ ಬಿಟ್ಟು ಬೇರೇನನ್ನೂ ಇದಕ್ಕೆ ಮುಟ್ಟಿಸಬೇಡಿ. ನಂಬರ್ ಪ್ಲೇಟುಗಳ ಪ್ರತಿಫಲಕ ಹಾಳೆಗೂ ಇದೇ ನಿಯಮ.

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಹಾದುಹೋಗುತ್ತದೆ. ಗೋವಿನಜೋಳ, ಕಬ್ಬು, ಮೆಣಸಿನಕಾಯಿ ಚೀಲ ಹೊತ್ತ ಟ್ರ್ಯಾಕ್ಟರುಗಳು ರಾತ್ರಿ ಅದೇ ದಾರಿಯಲ್ಲಿ ನಿಧಾನವಾಗಿ ಸಾಗುತ್ತವೆ. ನಿಮ್ಮ ಊರಿನ ಟ್ರೇಲರನ್ನೋ ಶಾಲಾ ವ್ಯಾನನ್ನೋ ಕತ್ತಲಾದ ಮೇಲೆ ಮೈದಾನದಲ್ಲಿ ನಿಲ್ಲಿಸಿ, ಇಪ್ಪತ್ತು ಮೀಟರ್ ದೂರ ಹೋಗಿ, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಪಟ್ಟಿಯ ಮೇಲೆ ಬೆಳಕು ಬಿಡಿ. ನಂತರ ಟಾರ್ಚನ್ನು ಪಕ್ಕದವರ ಕೈಗೆ ಕೊಟ್ಟು, ಅವರನ್ನು ಎರಡು ಮೀಟರ್ ಆಚೆ ನಿಲ್ಲಿಸಿ ಮತ್ತೆ ನೋಡಿ. ಒಳ್ಳೆಯ ಪಟ್ಟಿಯಾದರೂ ಈಗ ಮಂಕಾಗಿ ಕಾಣುತ್ತದೆ, ಏಕೆಂದರೆ ಬೆಳಕು ಅವರ ಕಡೆಗೇ ಮರಳುತ್ತಿದೆ. ಮೊದಲ ಸಲವೇ ಮಂಕಾಗಿ ಕಂಡರೆ ಪಟ್ಟಿಯನ್ನು ತೊಳೆದು ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಬೆಳಗದಿದ್ದರೆ ಅದನ್ನು ಕಿತ್ತು ಹೊಸದನ್ನು ಅಂಟಿಸಬೇಕು.